ಅಪ್ಪಯ್ಯನ ಪೋರ್ಟಲ್ ವೇನ್‌ನಲ್ಲಿ ಹೆಪ್ಪುಗಟ್ಟಿದ ರಕ್ತ

ನಾಲ್ಕನೇ ಕೀಮೋ ಮುಗಿದ ಮೇಲೆ ಅಪ್ಪಯ್ಯನಿಗೆ ಮತ್ತೆ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಜಠರದ ಗಡ್ಡೆ ಕುಗ್ಗಿದೆ, ಪಕ್ಕದ ಲಿಂಫ್ ಗ್ರಂಥಿಗಳೂ ಸಣ್ಣಗಾಗಿವೆ ಎಂದು ರಿಪೋರ್ಟಿನಲ್ಲಿ ಬರೆದಿತ್ತು. ನಾವು ಕಾಯುತ್ತಿದ್ದ ಸುದ್ದಿ ಅದೇ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಮೇನ್ ಪೋರ್ಟಲ್ ವೇನ್‌ನಲ್ಲಿ, ಅಂದರೆ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ, ಥ್ರಾಂಬಸ್ ಇದೆ, ಅದು ಲಿವರಿನ ಬಲಗಡೆಗೆ ಹೋಗುವ ಕವಲಿಗೂ ಕರುಳಿನಿಂದ ಬರುವ ರಕ್ತನಾಳದ ಮೇಲ್ತುದಿಗೂ ಹಬ್ಬಿದೆ ಅಂತ. ಥ್ರಾಂಬಸ್ ಎಂದರೆ ರಕ್ತ ಹೆಪ್ಪುಗಟ್ಟಿರುವುದು ಎಂಬಷ್ಟು ನನಗೆ ಗೊತ್ತಿತ್ತು. ಕಾಲಿನಲ್ಲಿ ಆಗುತ್ತದೆ, ಮಿದುಳಿನಲ್ಲಿ ಆಗುತ್ತದೆ, ಹೃದಯದಲ್ಲಿ ಆಗುತ್ತದೆ ಎಂದು ಕೇಳಿದ್ದೆ. ಲಿವರಿಗೆ ಹೋಗುವ ನಾಳದಲ್ಲೂ ಆಗುತ್ತದೆ, ಜೀರ್ಣಾಂಗದ ಕ್ಯಾನ್ಸರ್ ಇರುವವರಲ್ಲಿ ಅದು ತೀರಾ ಅಪರೂಪವೇನಲ್ಲ ಎಂಬುದು ಆ ದಿನ ತಿಳಿಯಿತು.

ಆಮೇಲೆ ಏನೇನಾಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ. ಕೀಮೋ ಬಗ್ಗೆ, ಆಪರೇಷನ್ ಬಗ್ಗೆ ಕನ್ನಡದಲ್ಲಿ ಅಷ್ಟಿಷ್ಟು ಓದಲು ಸಿಗುತ್ತದೆ. ಇದರ ಬಗ್ಗೆ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಿಮ್ಮ ಮನೆಯವರಿಗೆ ಯಾವ ಔಷಧಿ, ಎಷ್ಟು ಎಂಬುದನ್ನು ಅವರನ್ನು ನೋಡುವ ಡಾಕ್ಟರೇ ಹೇಳಬೇಕು. ಆದರೆ ಏನು ಕೇಳಬೇಕು ಎಂಬುದೇ ಗೊತ್ತಿಲ್ಲದೆ ರಿಪೋರ್ಟ್ ಹಿಡಿದು ಕೂತವರಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪಯ್ಯನಿಗೆ ಅರವತ್ತು ದಾಟಿದೆ, ಅಡಿಕೆ ತೋಟ ಇದೆ. ಊಟ ಸೇರುತ್ತಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎಂದು ಶುರುವಾಗಿದ್ದು. ಎಂಡೋಸ್ಕೋಪಿ, ಬಯಾಪ್ಸಿ ಆಗಿ ಜಠರದ ಕೆಳಭಾಗದಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಫ್ಲಾಟ್ ಎಂಬ ಕೀಮೋ ಶುರು ಮಾಡಿದರು. ನಾಲ್ಕು ಔಷಧಿ ಸೇರಿದ್ದು, ಎರಡು ವಾರಕ್ಕೊಮ್ಮೆ. ಆಪರೇಷನ್ನಿಗೆ ಮೊದಲು ನಾಲ್ಕು ಸಲ, ಆಮೇಲೆ ನಾಲ್ಕು ಸಲ ಎಂಬ ಲೆಕ್ಕ. ಅದರಲ್ಲಿ ಆಕ್ಸಾಲಿಪ್ಲಾಟಿನ್ ಇರುವುದರಿಂದ ತಣ್ಣೀರು ಮುಟ್ಟಿದರೂ ಬೆರಳು ಜುಮ್ಮೆನ್ನುತ್ತಿತ್ತು. ಮಲೆನಾಡಿನ ಚಳಿಯಲ್ಲಿ ಅದೊಂದು ಬೇರೆಯೇ ಕಷ್ಟ, ಅದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ.

ಮೂರನೇ ಕೀಮೋ ಆದ ಮೇಲೆ ಅಪ್ಪಯ್ಯ ಹೊಟ್ಟೆಯ ಮೇಲ್ಭಾಗದಲ್ಲಿ ಒಂಥರಾ ಭಾರ, ಮಂದ ನೋವು ಎನ್ನುತ್ತಿದ್ದರು. ಸಂಜೆ ಹೊತ್ತಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ಊರಿನಲ್ಲಿ ತೋರಿಸಿದಾಗ ಗ್ಯಾಸ್ ಎಂದರು, ಕೀಮೋದಿಂದ ಹಾಗೆ ಎಂದರು. ನಮಗೂ ಹಾಗೇ ಅನಿಸಿತು. ಜಠರದಲ್ಲೇ ಗಡ್ಡೆ ಇರುವಾಗ ಹೊಟ್ಟೆ ನೋವನ್ನು ಯಾರು ತಾನೇ ಬೇರೆ ಮಾಡಿ ನೋಡುತ್ತಾರೆ? ಎಷ್ಟೋ ಜನರಿಗೆ ಇಷ್ಟೂ ಲಕ್ಷಣ ಇರುವುದಿಲ್ಲವಂತೆ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲೇ ಕಣ್ಣಿಗೆ ಬೀಳುತ್ತದಂತೆ.

ಪೋರ್ಟಲ್ ವೇನ್ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಕರುಳು, ಜಠರ, ಗುಲ್ಮ, ಮೇದೋಜೀರಕ ಇವೆಲ್ಲದರಿಂದ ಬರುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಎಲ್ಲ ಒಂದು ದೊಡ್ಡ ನಾಳಕ್ಕೆ ಸೇರಿ ಲಿವರಿಗೆ ಹೋಗುತ್ತದೆ. ಅದೇ ಪೋರ್ಟಲ್ ವೇನ್. ಕರುಳಿನ ನಾಳವೂ ಗುಲ್ಮದ ನಾಳವೂ ಮೇದೋಜೀರಕದ ಹಿಂದೆ ಸೇರಿ ಇದು ಹುಟ್ಟುತ್ತದೆ. ಲಿವರಿಗೆ ಬರುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇದರಿಂದಲೇ, ಉಳಿದದ್ದು ಹೆಪಾಟಿಕ್ ಆರ್ಟರಿ ಎಂಬ ಇನ್ನೊಂದು ನಾಳದಿಂದ. ಮುಕ್ಕಾಲು ಪಾಲು ನಿಂತರೆ ಲಿವರ್ ಸತ್ತೇ ಹೋಗುತ್ತದಲ್ಲ ಎಂದು ನಾನು ಹೆದರಿದ್ದೆ. ಹಾಗಾಗುವುದಿಲ್ಲ. ಆ ಇನ್ನೊಂದು ನಾಳ ಜಾಸ್ತಿ ರಕ್ತ ತಂದು ಸರಿದೂಗಿಸುತ್ತದೆ. ಅಪ್ಪಯ್ಯನ ಲಿವರ್ ಟೆಸ್ಟುಗಳು ಆಗಲೂ ಬಹುಪಾಲು ಸರಿಯಾಗೇ ಇದ್ದವು.

ತೊಂದರೆ ಬರುವುದು ನಾಳದ ಹಿಂದಿನ ಕಡೆ. ಡಾಕ್ಟರ್ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ಅಪ್ಪಯ್ಯ ತಕ್ಷಣ ಹಿಡಿದುಬಿಟ್ಟರು. "ಬಸಿಗಾಲುವೆ ಕಟ್ಟಿಕೊಂಡ ಹಾಗೆ. ನೀರು ಹಿಂದೆ ನಿಲ್ಲತ್ತೆ, ಆಮೇಲೆ ಸಿಕ್ಕ ಸಿಕ್ಕ ಕಡೆ ದಾರಿ ಮಾಡ್ಕೊಳತ್ತೆ, ಅಲ್ವಾ ಡಾಕ್ಟ್ರೇ?" ಸರಿಯಾಗಿ ಅದೇ. ಹಿಂದೆ ಒತ್ತಡ ಏರುತ್ತದೆ, ಗುಲ್ಮ ದೊಡ್ಡದಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಬಹುದು. ಅನ್ನನಾಳದ, ಜಠರದ ಸುತ್ತ ಸಣ್ಣ ನಾಳಗಳು ಉಬ್ಬಿಕೊಂಡು ಒಡೆದರೆ ರಕ್ತ ವಾಂತಿಯಾಗಬಹುದು. ಹೆಪ್ಪು ಕರುಳಿನ ನಾಳದ ಕಡೆಗೆ ಜಾಸ್ತಿ ಹಬ್ಬಿದರೆ ಕರುಳಿಗೇ ರಕ್ತದ ಓಡಾಟ ನಿಂತು ಅದು ಕೊಳೆಯುವ ಅಪಾಯ. ಅದು ಎಲ್ಲಕ್ಕಿಂತ ತುರ್ತಿನದು. ತಡೆಯಲಾಗದ ಹೊಟ್ಟೆ ನೋವು ಬಂದರೆ, ಮಲದಲ್ಲಿ ರಕ್ತ ಕಂಡರೆ, ಬೆಳಗಾಗಲಿ ಎಂದು ಕಾಯಬೇಡಿ ಎಂದು ನಮಗೆ ಕಟ್ಟುನಿಟ್ಟಾಗಿ ಹೇಳಿದರು.

ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ ಮಾತ್ರ ಬೇರೆ. "ಹಂಗಾದ್ರೆ ಕ್ಯಾನ್ಸರ್ ಲಿವರಿಗೂ ಬಂತಾ?"

ಡಾಕ್ಟರ್ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಯಜಮಾನ್ರೇ, ಇದು ಬರೀ ರಕ್ತದ ಹೆಪ್ಪೋ ಅಥವಾ ಗಡ್ಡೆಯೇ ನಾಳದೊಳಗೆ ಬೆಳ್ಕೊಂಡು ಬಂದಿದೆಯೋ ಅಂತ ಮೊದಲು ನೋಡ್ಬೇಕು. ಎರಡೂ ಒಂದೇ ಅಲ್ಲ" ಎಂದರು.

ನೀವು ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಪ್ಪು ಎರಡು ಬಗೆ. ಒಂದರಲ್ಲಿ ಬರೀ ರಕ್ತವಿರುತ್ತದೆ, ಅದನ್ನು ಬ್ಲ್ಯಾಂಡ್ ಥ್ರಾಂಬಸ್ ಎನ್ನುತ್ತಾರೆ. ಇನ್ನೊಂದರಲ್ಲಿ ಕ್ಯಾನ್ಸರ್ ಕಣಗಳೇ ನಾಳದೊಳಗೆ ಹಬ್ಬಿರುತ್ತವೆ, ಅದು ಟ್ಯೂಮರ್ ಥ್ರಾಂಬಸ್. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್‌ನಲ್ಲಿ ಎರಡನೆಯದು ಸಾಕಷ್ಟು ಕಾಣಿಸುತ್ತದೆ, ಜಠರದ ಕ್ಯಾನ್ಸರ್‌ನಲ್ಲಿ ಕಡಿಮೆ, ಆದರೆ ಇಲ್ಲವೆಂದಿಲ್ಲ. ಮೊದಲನೆಯದಾದರೆ ರಕ್ತ ತೆಳು ಮಾಡುವ ಔಷಧಿ ಕೊಟ್ಟು, ಕ್ಯಾನ್ಸರ್ ಚಿಕಿತ್ಸೆಯನ್ನು ಅದರ ದಾರಿಯಲ್ಲಿ ಮುಂದುವರಿಸಬಹುದು. ಎರಡನೆಯದಾದರೆ ಕಾಯಿಲೆಯ ಹಂತವೇ ಬದಲಾಗುತ್ತದೆ. ನಮ್ಮ ವಿಷಯದಲ್ಲಿ ಆಪರೇಷನ್ ಮಾತೇ ಬಿಟ್ಟುಹೋಗುತ್ತಿತ್ತು. ರಿಪೋರ್ಟಿನಲ್ಲಿ ಬರೀ ಥ್ರಾಂಬಸ್ ಎಂದಷ್ಟೇ ಇತ್ತು. ಯಾವ ಬಗೆ ಎಂದಿರಲಿಲ್ಲ. ಅದನ್ನು ಓದಿ ಮನೆಯಲ್ಲಿ ಎಲ್ಲರೂ ಕಾಯಿಲೆ ಹರಡಿತು ಎಂದೇ ಅಂದುಕೊಂಡಿದ್ದರು, ಅಮ್ಮ ಅತ್ತೂ ಆಗಿತ್ತು.

ಅದನ್ನು ಹೇಗೆ ಪತ್ತೆ ಮಾಡುತ್ತಾರೆ ಎಂದರೆ, ಹೆಚ್ಚಾಗಿ ಸ್ಕ್ಯಾನಿನಲ್ಲೇ. ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ಬೇರೆ ಬೇರೆ ಕ್ಷಣಗಳಲ್ಲಿ ಚಿತ್ರ ತೆಗೆಯುತ್ತಾರೆ. ಗಡ್ಡೆಗೆ ತನ್ನದೇ ರಕ್ತ ಪೂರೈಕೆ ಇರುತ್ತದೆ, ಹಾಗಾಗಿ ಔಷಧಿ ಅಪಧಮನಿಗಳಲ್ಲಿ ಹರಿಯುವ ಹೊತ್ತಿನಲ್ಲಿ ಅದೂ ಬೆಳ್ಳಗೆ ಹೊಳೆಯುತ್ತದೆ. ಬರೀ ರಕ್ತದ ಹೆಪ್ಪು ಹೊಳೆಯುವುದಿಲ್ಲ. ಗಡ್ಡೆ ನುಗ್ಗಿದ್ದರೆ ನಾಳವೂ ಉಬ್ಬಿರುತ್ತದೆ. ರೇಡಿಯಾಲಜಿ ವಿಭಾಗದ ಹಿರಿಯ ಡಾಕ್ಟರ್ ಸ್ಕ್ಯಾನನ್ನು ಮತ್ತೊಮ್ಮೆ ನೋಡಿದರು, ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನನ್ನು ಹೊಟ್ಟೆಗೆ ಮಾಡಿಸಿದರು, ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎ.ಎಫ್.ಪಿ. ಎಂಬ ರಕ್ತ ಪರೀಕ್ಷೆಯೂ ಆಯಿತು. ಕೊನೆಗೆ ಬ್ಲ್ಯಾಂಡ್ ಎಂದರು. ಮೊದಲು ಮಾಡಿದ್ದ ಸ್ಕ್ಯಾನಿನ ಸಿ.ಡಿ. ನಮ್ಮ ಹತ್ತಿರ ಇದ್ದದ್ದು ಆಗ ಉಪಯೋಗಕ್ಕೆ ಬಂತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬರೀ ರಿಪೋರ್ಟಿನ ಹಾಳೆಯಿಂದ ಈ ಕೆಲಸ ಆಗುವುದಿಲ್ಲ. ಸಿ.ಡಿ. ಯಾವತ್ತೂ ಜೊತೆಗಿರಲಿ.

ಯಾಕೆ ಆಯಿತು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗಲಿಲ್ಲ, ಸಿಗುವಂಥದ್ದೂ ಅಲ್ಲ. ರಕ್ತ ಹೆಪ್ಪುಗಟ್ಟಲು ಮೂರು ಕಾರಣ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋವ್ ಅವರ ಹೆಸರಿನಲ್ಲಿ ಇವತ್ತಿಗೂ ಪಾಠ ಹೇಳುತ್ತಾರೆ: ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವಂತಾಗುವುದು. ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಮೂರೂ ಸೇರಬಹುದು. ಗಡ್ಡೆಯೋ ಊದಿದ ಗ್ರಂಥಿಯೋ ನಾಳವನ್ನು ಒತ್ತುತ್ತದೆ. ಕ್ಯಾನ್ಸರ್ ಕಣಗಳು ಹೆಪ್ಪುಗಟ್ಟಿಸುವ ಅಂಶಗಳನ್ನು ರಕ್ತಕ್ಕೆ ಬಿಡುತ್ತವೆ. ಕೀಮೋ ನಾಳದ ಒಳಪದರವನ್ನು ಕೆಣಕುತ್ತದೆ. ಇದರ ಮೇಲೆ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿ, ದಿನವಿಡೀ ಮಲಗೇ ಇದ್ದರೆ ಕೇಳುವುದೇ ಬೇಡ. ಫ್ರಾನ್ಸಿನ ಆರ್ಮಾಂ ತ್ರೂಸೋ ಎಂಬ ದೊಡ್ಡ ವೈದ್ಯರು 1865ರಲ್ಲೇ ಕ್ಯಾನ್ಸರ್‌ಗೂ ರಕ್ತ ಹೆಪ್ಪುಗಟ್ಟುವುದಕ್ಕೂ ನಂಟಿದೆ ಎಂದು ಪಾಠ ಮಾಡಿದ್ದರು. ಮುಂದೆ ತಮ್ಮದೇ ಮೈಯಲ್ಲಿ ನಾಳ ಹೆಪ್ಪುಗಟ್ಟಿದ್ದು ಕಂಡು, ತಮಗೂ ಅದೇ ಕಾಯಿಲೆ ಇದೆ ಎಂದು ತಿಳಿದುಕೊಂಡರು. 1867ರಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಪ್ಪಯ್ಯನಿಗಿರುವುದೂ ಅದೇ ಕ್ಯಾನ್ಸರ್ ಆದ್ದರಿಂದ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಅನಿಸಿತು, ಅವರ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರಲಿಲ್ಲ. ನಮಗೆ ಇದೆ.

ನನಗೆ ಬೇಸರವಾದ ವಿಷಯ ಒಂದಿದೆ. ಕೀಮೋ ಶುರು ಮಾಡುವ ಮುಂಚೆಯೇ ಯಾರಿಗೆ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಎಂದು ಅಂದಾಜು ಮಾಡಲು ಖೊರಾನಾ ಸ್ಕೋರ್ ಎಂಬ ಲೆಕ್ಕ ಇದೆ, 2008ರಿಂದ ಬಳಕೆಯಲ್ಲಿದೆ. ಜಠರ ಅಥವಾ ಮೇದೋಜೀರಕದ ಕ್ಯಾನ್ಸರ್ ಇದ್ದರೆ ಅಷ್ಟಕ್ಕೇ ಎರಡು ಅಂಕ. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ ಒಂದು. ಪ್ಲೇಟ್‌ಲೆಟ್ ಮೂರೂವರೆ ಲಕ್ಷ ಮುಟ್ಟಿದ್ದರೆ ಒಂದು, ಬಿಳಿ ರಕ್ತಕಣ 11,000 ದಾಟಿದ್ದರೆ ಒಂದು, ತೂಕ ತೀರಾ ಜಾಸ್ತಿ ಇದ್ದರೆ ಒಂದು. ಮೂರು ಮುಟ್ಟಿದರೆ ಅಪಾಯ ಹೆಚ್ಚು ಎಂದರ್ಥ. ಅಪ್ಪಯ್ಯನಿಗೆ ಶುರುವಿನಲ್ಲೇ ಮೂರು ಇತ್ತು. ಹಾಗಂತ ಎಲ್ಲರಿಗೂ ಮೊದಲೇ ರಕ್ತ ತೆಳು ಮಾಡುವ ಔಷಧಿ ಕೊಡಬೇಕು ಎಂದು ನಾನು ಹೇಳುವುದಿಲ್ಲ, ಜಠರದಲ್ಲಿ ಹುಣ್ಣಾದ ಗಡ್ಡೆ ಇರುವವರಿಗೆ ಅದರಿಂದಲೇ ರಕ್ತಸ್ರಾವ ಆಗಬಹುದು. ಆದರೆ ಅಪಾಯ ಇದೆ, ಇಂಥ ಲಕ್ಷಣ ಕಂಡರೆ ಫೋನ್ ಮಾಡಿ, ನೀರು ಕುಡಿಯಿರಿ, ಓಡಾಡಿ ಎಂದು ಒಂದು ಮಾತು ಹೇಳಬಹುದಿತ್ತು. ಕೂದಲು ಉದುರುತ್ತದೆ ಎಂದು ಎಲ್ಲರೂ ಹೇಳಿದರು. ಇದನ್ನು ಯಾರೂ ಹೇಳಲಿಲ್ಲ.

ಬ್ಲ್ಯಾಂಡ್ ಎಂದು ಗೊತ್ತಾದ ಕೂಡಲೇ ಔಷಧಿ ಶುರು ಮಾಡಿಬಿಡುತ್ತಾರೆ ಎಂದುಕೊಂಡಿದ್ದೆ. ನಿಜವಾದ ಇಕ್ಕಟ್ಟು ಆಗಲೇ ಬಂದದ್ದು. ರಕ್ತ ತೆಳು ಮಾಡದಿದ್ದರೆ ಹೆಪ್ಪು ಬೆಳೆಯುತ್ತದೆ. ತೆಳು ಮಾಡಿದರೆ ಜಠರದ ಗಡ್ಡೆಯಿಂದ ರಕ್ತ ಸೋರಬಹುದು. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿತ್ತು. ಕ್ಯಾನ್ಸರ್ ಡಾಕ್ಟರ್, ಗ್ಯಾಸ್ಟ್ರೋ ಡಾಕ್ಟರ್, ಸರ್ಜನ್ ಎಲ್ಲ ಕೂತು ಟ್ಯೂಮರ್ ಬೋರ್ಡ್‌ನಲ್ಲಿ ಮಾತಾಡಿದರು. ಮೊದಲು ಇನ್ನೊಂದು ಎಂಡೋಸ್ಕೋಪಿ ಮಾಡೋಣ ಎಂದಾಯಿತು. ಅನ್ನನಾಳದಲ್ಲಿ ಉಬ್ಬಿದ ನಾಳಗಳಿವೆಯೇ, ಗಡ್ಡೆಯ ಮೇಲೆ ರಕ್ತ ಒಸರುತ್ತಿದೆಯೇ ಎಂದು ನೋಡಲು. ಉಬ್ಬಿದ ನಾಳ ಇರಲಿಲ್ಲ. ಇದ್ದಿದ್ದರೆ ಮೊದಲು ಅದಕ್ಕೆ ಮಾತ್ರೆಯನ್ನೋ, ಉಬ್ಬಿದ ನಾಳಕ್ಕೆ ಬಿಗಿಯುವ ರಬ್ಬರ್ ಬ್ಯಾಂಡನ್ನೋ ನೋಡಬೇಕಾಗುತ್ತಿತ್ತು. ಗಡ್ಡೆಯ ಮೇಲೆ ಹುಣ್ಣಿತ್ತು, ಆದರೆ ಒಣಗಿದಂತಿತ್ತು.

ಅಡ್ಮಿಟ್ ಮಾಡಿಕೊಂಡು ಮೊದಲು ಹೆಪಾರಿನ್ ಡ್ರಿಪ್ ಕೊಟ್ಟರು. ಇದಕ್ಕೆ ಕಾರಣ ಕೇಳಿದಾಗ ಡ್ಯೂಟಿಯಲ್ಲಿದ್ದ ಡಾಕ್ಟರ್ ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಡ್ರಿಪ್ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಔಷಧಿಯ ಪರಿಣಾಮ ಇಳಿಯುತ್ತದೆ, ಅದನ್ನು ಇಳಿಸಲು ಮದ್ದೂ ಇದೆ. ರಕ್ತಸ್ರಾವ ಆಗುತ್ತದೋ ಇಲ್ಲವೋ ಎಂಬ ಅನುಮಾನ ಇರುವವರಿಗೆ ಮೊದಲು ಹೀಗೆ ಕೊಟ್ಟು ನೋಡುವುದು ಒಂದು ದಾರಿ. ಸಿರಿಂಜ್ ಪಂಪಿನಲ್ಲಿ ಹನಿ ಹನಿಯಾಗಿ ಹೋಗುತ್ತಿತ್ತು, ಆರು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಿದ್ದರು. ಅಪ್ಪಯ್ಯನ ಎರಡೂ ಕೈ ನೀಲಿಯಾಯಿತು. "ತೆಳು ಮಾಡ್ತೀನಿ ಅಂತ ಎಲ್ಲಾ ಖಾಲಿ ಮಾಡ್ತಿದಾರೆ ಮಾರಾಯ್ತಿ" ಎಂದರು. ಮಲ ಕಪ್ಪಾಗಲಿಲ್ಲ, ಹಿಮೋಗ್ಲೋಬಿನ್ ಇಳಿಯಲಿಲ್ಲ. ಆಮೇಲೆ ಎನಾಕ್ಸಪ್ಯಾರಿನ್ ಎಂಬ ಇಂಜೆಕ್ಷನ್ನಿಗೆ ಬದಲಾಯಿಸಿದರು. ತೂಕದ ಲೆಕ್ಕ ಅದು, ಒಂದು ಕಿಲೋಗೆ ಒಂದು ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ. ಅಪ್ಪಯ್ಯ ಆಗ 58 ಕಿಲೋ ಇದ್ದರು, 60 ಮಿಲಿಗ್ರಾಂ ಸಿರಿಂಜ್ ಬರೆದುಕೊಟ್ಟರು. ಕಿಡ್ನಿ ಸರಿಯಿಲ್ಲದವರಿಗೆ ಈ ಲೆಕ್ಕ ನಡೆಯುವುದಿಲ್ಲ, ಕಡಿಮೆ ಮಾಡುತ್ತಾರೆ, ಅದಕ್ಕೆ ಕ್ರಿಯಾಟಿನಿನ್ ನೋಡಿಯೇ ಶುರು ಮಾಡಿದ್ದು.

ಮಾತ್ರೆ ಕೊಡಬಹುದಲ್ಲವೇ ಎಂದು ತಮ್ಮ ಕೇಳಿದ. ದಿನಕ್ಕೆ ಎರಡು ಸಲ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವುದನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ಇದಕ್ಕೆ ಸಿಕ್ಕ ಉತ್ತರ ನನಗೆ ತುಂಬಾ ಮುಖ್ಯ ಅನಿಸಿತು. ಹೊಸ ಮಾತ್ರೆಗಳಿವೆ, ರಿವರೋಕ್ಸಬಾನ್, ಎಡೋಕ್ಸಬಾನ್, ಎಪಿಕ್ಸಬಾನ್. ಬೇರೆ ಕ್ಯಾನ್ಸರ್ ಇರುವವರಿಗೆ ಬಹಳ ಅನುಕೂಲ. ಆದರೆ ಜಠರ, ಕರುಳಿನಲ್ಲಿ ಗಡ್ಡೆ ಇನ್ನೂ ಇರುವವರಿಗೆ ಇವುಗಳಲ್ಲಿ ಕೆಲವು ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಜಾಸ್ತಿ ಮಾಡುತ್ತವೆ ಎಂದು 2018ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಎಪಿಕ್ಸಬಾನ್ ಬಗ್ಗೆ 2020ರಲ್ಲಿ ಬಂದ ಫಲಿತಾಂಶ ಸ್ವಲ್ಪ ಸಮಾಧಾನದ್ದು, ಆದರೂ ಅಪ್ಪಯ್ಯನಿಗೆ ಕೀಮೋ ದಿನಗಳಲ್ಲಿ ವಾಂತಿ. ನುಂಗಿದ ಮಾತ್ರೆ ಒಳಗೆ ನಿಂತಿತೋ ಹೊರಗೆ ಬಂತೋ ಗೊತ್ತಾಗುವುದಿಲ್ಲ. ಹಳೆಯ ಮಾತ್ರೆ ವಾರ್ಫರಿನ್, ನಮ್ಮಲ್ಲಿ ಅದರ ತಮ್ಮನಂಥ ಅಸಿಟ್ರೋಮ್ ಜಾಸ್ತಿ. ಕೀಮೋದಲ್ಲಿದ್ದ 5-ಎಫ್.ಯು. ಜೊತೆ ವಾರ್ಫರಿನ್ ಸೇರಿದರೆ ರಕ್ತ ಬೇಕಾದ್ದಕ್ಕಿಂತ ತುಂಬಾ ತೆಳುವಾಗಿಬಿಡುತ್ತದೆ. ಹೀಗೆ ಒಂದೊಂದೇ ಬಾಗಿಲು ಮುಚ್ಚಿ ಕೊನೆಗೆ ಉಳಿದದ್ದು ಇಂಜೆಕ್ಷನ್.

ನಮ್ಮ ದೊಡ್ಡಪ್ಪನಿಗೆ ಹಿಂದೆ ಹೃದಯದ ವಾಲ್ವ್ ಆಪರೇಷನ್ ಆಗಿದೆ, ಅವರು ಅಸಿಟ್ರೋಮ್ ತಗೊಳ್ಳುತ್ತಾರೆ. ಸೊಪ್ಪು ತಿನ್ನಬಾರದು, ಬಸಳೆ ಬೇಡ, ನುಗ್ಗೆ ಬೇಡ ಎಂದು ಅವರ ಮನೆಯಿಂದ ಫೋನ್ ಮೇಲೆ ಫೋನ್. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ, ನಿಜ. ಅವರಿಗೂ ಡಾಕ್ಟರ್ ಹೇಳಿದ್ದು ಸೊಪ್ಪು ಬಿಡಿ ಎಂದಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಎಂದು. ಎನಾಕ್ಸಪ್ಯಾರಿನ್ನಿಗೆ ಈ ಪಥ್ಯ ಇಲ್ಲ. ಅಪ್ಪಯ್ಯನಿಗೆ ಊಟ ಸೇರುತ್ತಿದ್ದುದೇ ಒಂದೆಲಗದ ತಂಬುಳಿ, ಬಸಳೆ ಹುಳಿ. ಅದನ್ನೂ ಕಿತ್ತುಕೊಂಡಿದ್ದರೆ ಇನ್ನೆರಡು ಕಿಲೋ ಇಳಿಯುತ್ತಿದ್ದರು. ಒಬ್ಬರ ಔಷಧಿಯ ಪಥ್ಯವನ್ನು ಇನ್ನೊಬ್ಬರಿಗೆ ಹಾಕಬೇಡಿ ದಯವಿಟ್ಟು.

ಈ ಇಂಜೆಕ್ಷನ್ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ ಎಂಬುದನ್ನೂ ಹೇಳಬೇಕು. ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮಾಂಸ ತಿನ್ನುವವರಲ್ಲ, ತಿಳಿದಾಗ ಅಮ್ಮನಿಗೆ ಮನಸ್ಸಿಗೆ ಒಂದು ತರ ಆಯಿತು. ಫೊಂಡಪ್ಯಾರಿನಕ್ಸ್ ಎಂಬ, ಪ್ರಾಣಿಯಿಂದ ತೆಗೆಯದ ಇಂಜೆಕ್ಷನ್ನೂ ಇದೆ, ಬೇಕಾದರೆ ಯೋಚಿಸೋಣ ಎಂದು ಡಾಕ್ಟರ್ ಹೇಳಿದರು. ಅಪ್ಪಯ್ಯ "ಔಷಧಿ ಅಂದ್ಮೇಲೆ ಔಷಧಿ" ಎಂದು ಮಾತು ಮುಗಿಸಿದರು. ನಿಮ್ಮ ಮನೆಯಲ್ಲಿ ಇದು ದೊಡ್ಡ ವಿಷಯವಾದರೆ ಸಂಕೋಚ ಬೇಡ, ಮೊದಲೇ ಕೇಳಿ.

ಡಿಸ್ಚಾರ್ಜ್ ಮಾಡುವ ಮೊದಲು ವಾರ್ಡಿನ ಸಿಸ್ಟರ್ ನನ್ನ ಕೈಯಲ್ಲೇ ಇಂಜೆಕ್ಷನ್ ಕೊಡಿಸಿದರು. ಹೊಕ್ಕುಳಿನಿಂದ ಎರಡು ಇಂಚು ಬಿಟ್ಟು ಪಕ್ಕದಲ್ಲಿ, ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಬೇಕು, ಸೂಜಿ ನೇರ ಇಳಿಸಬೇಕು, ಔಷಧಿ ಪೂರ್ತಿ ಹೋಗುವವರೆಗೆ ಹಿಡಿತ ಬಿಡಬಾರದು. ಸಿರಿಂಜಿನಲ್ಲಿ ಒಂದು ಗಾಳಿ ಗುಳ್ಳೆ ಇರುತ್ತದೆ. ಪೂರ್ತಿ ಸಿರಿಂಜ್ ಕೊಡುವುದಾದರೆ ಅದನ್ನು ಹೊರಗೆ ತಳ್ಳಬಾರದು, ತಳ್ಳಲು ಹೋದರೆ ಔಷಧಿಯೇ ಚೆಲ್ಲುತ್ತದೆ. ಕೊಟ್ಟ ಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟುವುದು ಜಾಸ್ತಿ. ಶುರುವಿನಲ್ಲಿ ನನ್ನ ಕೈ ನಡುಗುತ್ತಿತ್ತು. ಅಪ್ಪಯ್ಯ ಮೇಲೆ ಮಾಡಿನ ಕಡೆ ನೋಡುತ್ತಾ ಅಡಿಕೆ ರೇಟು ಮಾತಾಡುತ್ತಿದ್ದರು, ನನ್ನ ಹೆದರಿಕೆ ಹೋಗಲಿ ಅಂತ. ಆಮೇಲೆ ಅಮ್ಮನೂ ಕಲಿತರು, ನಾನು ಶಾಲೆಗೆ ಹೋಗುವ ದಿನಗಳಲ್ಲಿ ಅವರದೇ ಜವಾಬ್ದಾರಿ. ಬಳಸಿದ ಸಿರಿಂಜನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡುತ್ತಿದ್ದೆವು. ತೋಟದ ಗೊಬ್ಬರ ಗುಂಡಿಗೆ ಎಸೆದರೆ ಕೆಲಸದವರ ಕಾಲಿಗೆ ಚುಚ್ಚುತ್ತದೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಮ್ಮ ಕೀಮೋಗೆ ಅದರಿಂದ ತುಂಬಾ ಆಸರೆಯಾಯಿತು. ಮನೆಯಲ್ಲಿ ಕೊಡುವ ಇಂಜೆಕ್ಷನ್ ಮಾತ್ರ ನಮ್ಮ ಕೈಯಿಂದಲೇ. ದಿನಕ್ಕೆ ಎರಡು, ತಿಂಗಳುಗಟ್ಟಲೆ. ಎನಾಕ್ಸಪ್ಯಾರಿನ್ ಸರಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಹಾಗಾಗಿ ಬೆಲೆಗೆ ಮಿತಿ ಇದೆ, ಆದರೂ ಕಂಪನಿಯಿಂದ ಕಂಪನಿಗೆ, ಅಂಗಡಿಯಿಂದ ಅಂಗಡಿಗೆ ದರ ಬೇರೆ ಬೇರೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ನಮಗೆ ಅಲ್ಲಿ ಬಹಳ ಕಡಿಮೆಗೆ ಸಿಕ್ಕಿತು. ಯಾವಾಗಲೂ ದಾಸ್ತಾನು ಇರುವುದಿಲ್ಲ, ಮುಗಿಯುವ ಒಂದು ವಾರ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ.

ಇಷ್ಟರಲ್ಲಿ ಮಳೆಗಾಲ ಬಂತು. ಮಲೆನಾಡಿನವರಿಗೆ ಹೇಳಬೇಕಾದ ಮಾತು, ಉಂಬಳ. ಉಂಬಳ ಕಚ್ಚುವಾಗ ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ, ಅದಕ್ಕೇ ಸುಮ್ನೆ ಕಚ್ಚಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಈ ಇಂಜೆಕ್ಷನ್ ಮೇಲಿರುವವರಿಗೆ ಕಚ್ಚಿದರೆ ಹೇಗಿರಬೇಡ! ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವಾಗ ನಾನೇ ನಿಂತು ನೋಡಬೇಕು ಎಂದು ಅಪ್ಪಯ್ಯ ತೋಟಕ್ಕೆ ಇಳಿದರು. ಸಂಜೆ ಪಂಚೆ ಪೂರ್ತಿ ಕೆಂಪು. ಬಟ್ಟೆ ಒತ್ತಿ ಹಿಡಿದು, ಕಾಲು ಮೇಲಿಟ್ಟು ಕೂರಿಸಿದೆವು, ಎಷ್ಟೋ ಹೊತ್ತಿನ ಮೇಲೆ ನಿಂತಿತು. ಅಲ್ಲಿಂದ ಮುಂದೆ ಮಳೆ ನಿಲ್ಲುವವರೆಗೆ ತೋಟ ಬಂದ್, ಕತ್ತಿ ಹಿಡಿಯುವುದೂ ಬಂದ್. ಮಂಡಿ ನೋವಿಗೆ ಅವರು ಹಿಂದೆ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಗಳನ್ನೂ ಎತ್ತಿಟ್ಟೆವು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ಜಠರವನ್ನು ಕೆರಳಿಸಿ ರಕ್ತಸ್ರಾವ ತರಿಸುತ್ತವೆ. ಪ್ಯಾರಾಸಿಟಮಾಲ್ ಮಾತ್ರ ಇಟ್ಟುಕೊಳ್ಳಿ ಎಂದಿದ್ದರು.

ಆಪರೇಷನ್ ಮುಂದಕ್ಕೆ ಹೋಗಿತ್ತು. ನಾಳ ಮುಚ್ಚಿರುವಾಗ ಜಠರದ ಸುತ್ತಲಿನ ನಾಳಗಳಲ್ಲಿ ಒತ್ತಡ ಏರಿರುತ್ತದೆ, ಆಗ ಕತ್ತರಿ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ ಎಂದು ಸರ್ಜನ್ ಹೇಳಿದರು. ಹಾಗಂತ ಸುಮ್ಮನೆ ಕಾಯುವಂತೆಯೂ ಇಲ್ಲ, ಗಡ್ಡೆ ಕಾಯುವುದಿಲ್ಲ. ಇಂಜೆಕ್ಷನ್ ಜೊತೆಗೇ ಇನ್ನೆರಡು ಕೀಮೋ ಕೊಡೋಣ, ಆಮೇಲೆ ಸ್ಕ್ಯಾನ್ ನೋಡೋಣ ಎಂದು ತೀರ್ಮಾನವಾಯಿತು.

ಆ ನಡುವೆ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಇಳಿಯಿತು. ಕೀಮೋದಿಂದಲೂ ಇಳಿಯುತ್ತದೆ, ಗುಲ್ಮ ದೊಡ್ಡದಾದರೂ ಇಳಿಯುತ್ತದೆ. ಆ ಗೆರೆಯ ಕೆಳಗೆ ಇಂಜೆಕ್ಷನ್ ಪೂರ್ತಿ ಪ್ರಮಾಣದಲ್ಲಿ ಕೊಡುವುದಿಲ್ಲ, 25,000ಕ್ಕಿಂತ ಕೆಳಗಾದರೆ ಸಾಮಾನ್ಯವಾಗಿ ನಿಲ್ಲಿಸಿಯೇ ಬಿಡುತ್ತಾರೆ. ಊರಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಆಸ್ಪತ್ರೆಯಿಂದ ಪ್ರಮಾಣ ಹೇಳುತ್ತಿದ್ದರು. ಕೆಲವು ದಿನ ಅರ್ಧಕ್ಕೆ ಇಳಿಸಿದೆವು, ಪ್ಲೇಟ್‌ಲೆಟ್ ಏರಿದ ಮೇಲೆ ಮತ್ತೆ ಪೂರ್ತಿ. ಇಂಜೆಕ್ಷನ್ ಬರೆದುಕೊಟ್ಟರೆ ಮುಗಿಯಲಿಲ್ಲ, ತೂಕ, ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಇವು ಬದಲಾದಂತೆ ಅದೂ ಬದಲಾಗುತ್ತಿರಬೇಕು. ಇದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದ ಪ್ರಕಾರ ಬರೆದಿಡುತ್ತಿದ್ದೆ, ಪ್ರತಿ ಸಲ ಹೊಸ ಡಾಕ್ಟರ್ ಕೂತಿರುವ ಓ.ಪಿ.ಡಿ.ಯಲ್ಲಿ ಅದೇ ನಮ್ಮ ಆಧಾರ.

ಒಮ್ಮೆ ಮಲ ಕಪ್ಪಗೆ ಕಂಡು ಗಾಬರಿಯಾಗಿತ್ತು. ಅಪ್ಪಯ್ಯ ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರು, ಅದರಿಂದಲೂ ಕಪ್ಪಾಗುತ್ತದೆ. ರಕ್ತದಿಂದ ಆದ ಕಪ್ಪು ಅಂಟಂಟಾಗಿ, ಕೆಟ್ಟ ವಾಸನೆ ಇರುತ್ತದೆ, ತಲೆ ಸುತ್ತು, ಎದೆ ಬಡಿತ ಜೊತೆಗಿರಬಹುದು ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಆದರೂ ಅಂದಾಜಿನ ಮೇಲೆ ಬಿಡಬೇಡಿ, ಹಿಮೋಗ್ಲೋಬಿನ್ ಮಾಡಿಸಿ ಎಂದರು. ಮಾಡಿಸಿದೆವು, ಇಳಿದಿರಲಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ಮೇನ್ ಪೋರ್ಟಲ್ ವೇನ್ ಬಹುಮಟ್ಟಿಗೆ ತೆರೆದುಕೊಂಡಿತ್ತು. ಕರುಳಿನ ಕಡೆಯ ಹೆಪ್ಪು ಕರಗಿತ್ತು. ಬಲಗಡೆಯ ಕವಲಿನಲ್ಲಿ ಮಾತ್ರ ಎಳೆಯಷ್ಟು ಉಳಿದಿತ್ತು, ಅದರ ಸುತ್ತ ಸಣ್ಣ ಸಣ್ಣ ಹೊಸ ನಾಳಗಳು ಹುಟ್ಟಿಕೊಂಡಿದ್ದವು. ಎನಾಕ್ಸಪ್ಯಾರಿನ್ ಹೆಪ್ಪನ್ನು ತಾನೇ ಕರಗಿಸುವುದಿಲ್ಲವಂತೆ. ಅದು ಬೆಳೆಯದಂತೆ ಹಿಡಿದಿಡುತ್ತದೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಎಲ್ಲರಲ್ಲೂ ಹೀಗೆ ತೆರೆದುಕೊಳ್ಳುವುದಿಲ್ಲ, ತಡವಾದಷ್ಟೂ ಕಷ್ಟ ಎಂದರು. ನಮಗೆ ಸಿಕ್ಕದ್ದು ದೊಡ್ಡದು ಎಂದು ನನಗೆ ಗೊತ್ತಿದೆ. ಅದೇ ವಾರ್ಡಿನಲ್ಲಿ ಮೇದೋಜೀರಕದ ಕ್ಯಾನ್ಸರ್ ಇದ್ದ ಒಬ್ಬರಿಗೆ ನಾಳ ತೆರೆಯಲೇ ಇಲ್ಲ. ಅವರ ಮಗ ನಾವು ಡಿಸ್ಚಾರ್ಜ್ ಆಗುವಾಗ ಬಂದು ಅಪ್ಪಯ್ಯನ ಕೈ ಹಿಡಿದುಕೊಂಡು ಮಾತಾಡಿಸಿ ಹೋದ.

ಆಪರೇಷನ್ ಆಯಿತು. ಕೊನೆಯ ಇಂಜೆಕ್ಷನ್ ಕೊಟ್ಟು ಒಂದು ದಿನ ಬಿಟ್ಟು ಮಾಡಿದರು, ಜಠರದ ಕೆಳಗಿನ ದೊಡ್ಡ ಭಾಗವನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆದರು. ರಕ್ತ ಕೊಡಬೇಕಾಯಿತು, ಆದರೆ ಹೆದರಿದಷ್ಟು ಆಗಲಿಲ್ಲ. ಆಮೇಲೆ ಮೊದಲು ಕಡಿಮೆ ಪ್ರಮಾಣದಲ್ಲಿ, ಹೊಲಿಗೆ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಪ್ರಮಾಣದಲ್ಲಿ ಇಂಜೆಕ್ಷನ್ ಮತ್ತೆ ಶುರು. ಆಪರೇಷನ್ ಆದ ದಿನಗಳಲ್ಲೂ ಹೆಪ್ಪುಗಟ್ಟುವ ಅಪಾಯ ಜಾಸ್ತಿಯೇ, ಅದಕ್ಕೆ ಮರುದಿನವೇ ಹಿಡಿದು ನಡೆಸಿದರು.

ಈಗ ಉಳಿದ ಕೀಮೋ ನಡೆಯುತ್ತಿದೆ. ತೂಕ 51ಕ್ಕೆ ಬಂದಿದೆ, ಇಂಜೆಕ್ಷನ್ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಇಳಿಸಿದ್ದಾರೆ. ಕ್ಯಾನ್ಸರ್ ಚಿಕಿತ್ಸೆ ನಡೆಯುವಷ್ಟು ದಿನ ಇದನ್ನು ನಿಲ್ಲಿಸುವುದಿಲ್ಲ ಎಂದಿದ್ದಾರೆ. ಕೀಮೋ ಮುಗಿದ ಮೇಲೆ ಮಾತ್ರೆಗೆ ಬದಲಾಯಿಸುವ ಮಾತಿದೆ, ಗಡ್ಡೆ ಈಗ ಇಲ್ಲವಲ್ಲ. ಆದರೆ ಜಠರದ ಬಹುಭಾಗ ತೆಗೆದವರಲ್ಲಿ ರಿವರೋಕ್ಸಬಾನ್ ಸರಿಯಾಗಿ ರಕ್ತಕ್ಕೆ ಸೇರದೇ ಹೋಗಬಹುದು ಎಂದು ಫಾರ್ಮಸಿಯ ಹುಡುಗಿಯೊಬ್ಬಳು ಹೇಳಿದಳು, ಡಾಕ್ಟರ್ ಕೂಡ ಅದು ನಿಜ ಎಂದರು. ಯಾವ ಮಾತ್ರೆ, ಯಾವಾಗ, ಎಷ್ಟು ದಿನ ಎಂಬುದನ್ನು ಮುಂದಿನ ಡಾಪ್ಲರ್ ಮತ್ತು ಎಂಡೋಸ್ಕೋಪಿ ನೋಡಿ ಹೇಳುತ್ತಾರೆ. ಆ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅಪ್ಪಯ್ಯನದೂ ಒಂದು ಪ್ರಶ್ನೆ ಸೇರಿಸಿದ್ದೇನೆ, ಬರುವ ಕೊಯ್ಲಿಗೆ ತೋಟಕ್ಕೆ ಇಳಿಯಬಹುದಾ ಅಂತ.